ಬೀಕರಿನಲ್ಲಿ ಗೆದ್ದದ್ದು ಬೋರ್‌ವೆಲ್ ನೀರಿನಲ್ಲಿ ಸೋತಿತು: ಕೋಲಾರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವನು. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದೆ. ನನ್ನ ತಂದೆ ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಆಷಾಢದ ಗಾಳಿ ಎದ್ದಿತೆಂದರೆ ತಾಯಿ ನೀರಿನ ಬಿಂದಿಗೆಯ ಬಾಯಿಗೆ ಒದ್ದೆ ಬಟ್ಟೆ ಬಿಗಿಯುತ್ತಿದ್ದರು. ಸಂಜೆ ಬಿಚ್ಚುವಾಗ ಬಟ್ಟೆಯ ಮೇಲೆ ಬೂದು ಬಣ್ಣದ, ಹಿಟ್ಟಿನಷ್ಟು ನುಣ್ಣನೆಯ ಪುಡಿ ಕೂತಿರುತ್ತಿತ್ತು. ಅದು ಸೈನೈಡ್ ದಿಬ್ಬದ ಮಣ್ಣು, ಅಂದರೆ ಅದಿರನ್ನು ಪುಡಿ ಮಾಡಿ ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದು ಗುಡ್ಡೆ ಹಾಕಿದ್ದು. ಆ ದೂಳಿನ ಬಗ್ಗೆ ನಮ್ಮೂರಿನವರು ಬೇಕಾದಷ್ಟು ಅರ್ಜಿ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಅದೇ ದಿಬ್ಬದಿಂದ ಇಳಿಯುವ ನೀರಿನ ಬಗ್ಗೆ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರು ತುಂಬಿತು, ಹದಿಮೂರು ದಿಬ್ಬಗಳು ಹಾಗೆಯೇ ಉಳಿದವು. ಸಾವಿರ ಎಕರೆಯಷ್ಟು ಜಾಗದಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣು. ಅದರಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ನಾನು ಇದನ್ನು ವಿರೋಧಿಸುವವನಲ್ಲ. ಕೆಲಸವಿಲ್ಲದೆ ನಮ್ಮ ಹುಡುಗರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ಆದರೆ ಆ ಮಣ್ಣಿನಿಂದ ಚಿನ್ನ ತೆಗೆಯಬೇಕಾದರೆ ಅದನ್ನು ನೀರಿನಲ್ಲಿ ಕದಡಿ ರಾಡಿ ಮಾಡಬೇಕು, ಬಹುಮಟ್ಟಿಗೆ ಮತ್ತೆ ಸೈನೈಡನ್ನೇ ಬೆರೆಸಬೇಕು. ಹಾಗೆ ಕೆಟ್ಟ ನೀರನ್ನು ಏನು ಮಾಡುತ್ತಾರೆ ಎಂಬುದು ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲೇ ತೀರ್ಮಾನವಾಗಬೇಕು. ಯೋಜನೆ ಪರಿಸರ ಅನುಮತಿಯ ಸಾರ್ವಜನಿಕ ಆಲಿಕೆಗೆ ಬಂದರೆ, 2006ರ ಅಧಿಸೂಚನೆಯಂತೆ ಅಧ್ಯಕ್ಷ ಸ್ಥಾನದಲ್ಲಿ ಕೂರುವವರು ತಾವು, ಇಲ್ಲವೇ ತಮ್ಮ ಪ್ರತಿನಿಧಿ. ಅದಕ್ಕೇ ಈ ಪತ್ರ ತಮಗೆ.

ಇಂಥ ನೀರಿಗೆ ಇಂದು ಸೂಚಿಸುವ ಮದ್ದು ಸುಧಾರಿತ ಉತ್ಕರ್ಷಣ (ಆಕ್ಸಿಡೇಶನ್), ಅಂದರೆ ನೀರಿನಲ್ಲಿರುವ ವಿಷವನ್ನು ರಾಸಾಯನಿಕವಾಗಿ ಒಡೆಯುವುದು. ಓಝೋನ್, ಹೈಡ್ರೋಜನ್ ಪೆರಾಕ್ಸೈಡ್, ಅತಿನೇರಳೆ ಬೆಳಕು, ಇವುಗಳಲ್ಲಿ ಎರಡನ್ನು ಕೂಡಿಸಿದಾಗ ನೀರಿನೊಳಗೆ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಕಣ ಹುಟ್ಟುತ್ತದೆ. ಅದರ ಆಯುಸ್ಸು ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ, ಶಕ್ತಿ ಮಾತ್ರ ಕ್ಲೋರಿನ್‌ಗಿಂತ, ಓಝೋನ್‌ಗಿಂತಲೂ ಹೆಚ್ಚು. ಎದುರು ಸಿಕ್ಕಿದ್ದನ್ನೆಲ್ಲ ಮುರಿಯುತ್ತದೆ. ಸೈನೈಡನ್ನು ಮೊದಲು ಅದಕ್ಕಿಂತ ಎಷ್ಟೋ ಕಡಿಮೆ ವಿಷದ ಸಯನೇಟ್ ಮಾಡಿ, ಮುಂದೆ ಅಮೋನಿಯಾ, ಕಾರ್ಬೊನೇಟ್, ನೈಟ್ರೇಟ್‌ಗಳವರೆಗೆ ಒಯ್ಯುತ್ತದೆ. ಕ್ಲೋರಿನ್ ಹಾಕುವ ಹಳೆಯ ವಿಧಾನದಲ್ಲಿ ಸಯನೋಜೆನ್ ಕ್ಲೋರೈಡ್ ಎಂಬ ವಿಷದ ಅನಿಲ ಏಳುವ ಅಪಾಯವಿತ್ತು. ಇಲ್ಲಿ ಅದಿಲ್ಲ. ಒಳ್ಳೆಯ ವಿದ್ಯೆಯೇ, ಅನುಮಾನವಿಲ್ಲ.

ಆದರೂ ನನಗೆ ಅಳುಕು ಯಾಕೆಂದು ಹೇಳುತ್ತೇನೆ. ಕಾಲೇಜಿನ ಕೊನೆಯ ವರ್ಷಗಳಲ್ಲಿ ಮಕ್ಕಳಿಗೆ ಒಂದು ಪ್ರಯೋಗ ತೋರಿಸುತ್ತಿದ್ದೆ. ಬೀಕರಿನ ಬಟ್ಟಿ ಇಳಿಸಿದ ನೀರಿಗೆ ಮಿಥಿಲೀನ್ ಬ್ಲೂ ಬಣ್ಣ, ಎರಡು ಹನಿ ಆಮ್ಲ, ಒಂದು ಚಿಟಿಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಮೇಲೆ ಪೆರಾಕ್ಸೈಡ್. ಅನ್ನಭೇದಿಯ ಕಬ್ಬಿಣ ಪೆರಾಕ್ಸೈಡನ್ನು ಒಡೆದು ಆ ರಾಡಿಕಲ್‌ಗಳನ್ನು ಎಬ್ಬಿಸುತ್ತದೆ. ಫೆಂಟನ್ ಎಂಬಾತ 1894ರಲ್ಲಿ ಬರೆದಿಟ್ಟ ಕ್ರಿಯೆ ಇದು. ನೋಡನೋಡುತ್ತಿದ್ದಂತೆ ನೀಲಿ ಕರಗಿ ನೀರು ತಿಳಿಯಾಗುತ್ತಿತ್ತು. ಒಂದು ದಿನ ಒಬ್ಬ ವಿದ್ಯಾರ್ಥಿನಿ, "ಸರ್, ನಮ್ಮ ಮನೆಯ ಬೋರ್‌ವೆಲ್ ನೀರಿನಲ್ಲಿ ಮಾಡಿ ತೋರಿಸಿ" ಎಂದು ಬಾಟಲಿಯಲ್ಲಿ ನೀರು ತಂದಳು. ಅದೇ ಅಳತೆ, ಅದೇ ಬೀಕರು. ಆಮ್ಲ ಬಿದ್ದೊಡನೆ ಸಣ್ಣ ಗುಳ್ಳೆಗಳೆದ್ದವು. ಅನ್ನಭೇದಿ ಬಿದ್ದ ಮೇಲೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿತು. ನೀಲಿ ಹೋಗಲೇ ಇಲ್ಲ. ಗಂಟೆ ಹೊಡೆದು ಮಕ್ಕಳು ಎದ್ದು ಹೋದ ಮೇಲೂ ಆ ಬೀಕರು ನೀಲಿಯಾಗಿಯೇ ಇತ್ತು.

ನಮ್ಮ ನೀರು ಗಡಸು. ಅದರ ತುಂಬ ಬೈಕಾರ್ಬೊನೇಟ್. ಹಾಕಿದ ಆಮ್ಲವನ್ನು ಅದೇ ನುಂಗಿತು, ಕಬ್ಬಿಣ ಕೆಲಸ ಮಾಡುವ ಮೊದಲೇ ಗಸಿಯಾಯಿತು, ಅಲ್ಲೊಂದು ಇಲ್ಲೊಂದು ಹುಟ್ಟಿದ ರಾಡಿಕಲ್ಲನ್ನೂ ಬೈಕಾರ್ಬೊನೇಟೇ ಹಿಡಿದು ತಿಂದಿತು. ಹಾಗೆಂದು ಇನ್ನಷ್ಟು ಆಮ್ಲ ಸುರಿಯುವ ಹಾಗೂ ಇಲ್ಲ. ಬಣ್ಣದ ನೀರಿನಲ್ಲಾದರೆ ನಡೆದೀತು, ಸೈನೈಡ್ ಇರುವ ನೀರಿಗೆ ಆಮ್ಲ ಬಿದ್ದರೆ ಏಳುವುದು ಪ್ರಾಣ ತೆಗೆಯುವ ಹೈಡ್ರೋಜನ್ ಸೈನೈಡ್. ಆ ನೀರನ್ನು ಕ್ಷಾರವಾಗಿಯೇ ಇಟ್ಟುಕೊಂಡು ಓಝೋನ್ ಹಾಯಿಸಬೇಕು, ಇಲ್ಲವೇ ತಾಮ್ರದ ನೆರವಿನಲ್ಲಿ ಪೆರಾಕ್ಸೈಡ್ ಬಳಸಬೇಕು. ಕಬ್ಬಿಣಕ್ಕೆ ಅಂಟಿಕೊಂಡ ಸೈನೈಡ್ ಇನ್ನೂ ಹಟಮಾರಿ. ಅತಿನೇರಳೆ ಬೆಳಕು ಬಿದ್ದು ಆ ಬಂಧ ಬಿಚ್ಚದ ಹೊರತು ಅದು ಸುಲಭಕ್ಕೆ ಬಗ್ಗುವುದಿಲ್ಲ. ಮಣ್ಣು ಕದಡಿದ ನೀರಿನೊಳಗೆ ಆ ಬೆಳಕು ಹೋಗುವುದೇ ಇಲ್ಲವಾದ್ದರಿಂದ ಮೊದಲು ರಾಡಿಯನ್ನು ತಿಳಿಗೊಳಿಸಬೇಕು. ಇನ್ನು ಇಂಥ ಮಣ್ಣಿನಲ್ಲಿ ಇರಬಹುದಾದ ಸೀಸ, ಆರ್ಸೆನಿಕ್‌ಗಳು ಧಾತುಗಳು. ಯಾವ ಉತ್ಕರ್ಷಣವೂ ಅವನ್ನು ಇಲ್ಲವಾಗಿಸದು. ಆರ್ಸೆನಿಕ್‌ನ ರೂಪ ಬದಲಿಸಿ, ಕಬ್ಬಿಣದ ಗಸಿಗೆ ಅಂಟಿಸಿ ಸೋಸಿ ತೆಗೆಯಬಹುದು, ಆದರೆ ಆ ಗಸಿಯೂ ವಿಷವೇ, ಅದಕ್ಕೊಂದು ಭದ್ರ ಜಾಗ ಬೇಕು.

ಆದ್ದರಿಂದ ಕಂಪನಿಯವರು ಬಣ್ಣದ ಪುಸ್ತಿಕೆ ತಂದು ಬೇರೆ ಯಾವುದೋ ದೇಶದ ಗಣಿಯ ಅಂಕಿ ತೋರಿಸಿದರೆ ದಯವಿಟ್ಟು ಒಪ್ಪಬೇಡಿ. ಮೊದಲು ನಮ್ಮ ದಿಬ್ಬದ ಮಣ್ಣು, ನಮ್ಮ ನೀರು ಬಳಸಿ, ದಿನಕ್ಕೆ ಒಂದೆರಡು ಸಾವಿರ ಲೀಟರಿನ ಸಣ್ಣ ಘಟಕ ಕಟ್ಟಿ ಒಂದು ಬೇಸಿಗೆ, ಒಂದು ಮಳೆಗಾಲ ನಡೆಸಿ ತೋರಿಸಲಿ. ಇದೇ ನನ್ನ ಮುಖ್ಯ ಕೋರಿಕೆ.

ಅಳತೆಯ ಬಗ್ಗೆಯೂ ಒಂದು ಮಾತು. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ನಮ್ಮ ಬಡಾವಣೆಯ ನೀರಿನ ವರದಿ ಕೇಳಿದ್ದೆ. "ಸೈನೈಡ್ ಪತ್ತೆಯಾಗಿಲ್ಲ" ಎಂಬ ಒಂದು ಸಾಲು ಕೊಟ್ಟು ಕಳುಹಿಸಿದರು. ಬಿಡಿ ಸೈನೈಡೋ, ಕಬ್ಬಿಣಕ್ಕೆ ಅಂಟಿದ್ದೂ ಸೇರಿದ ಒಟ್ಟು ಸೈನೈಡೋ ಎಂದು ಕೇಳಿದರೆ ಉತ್ತರವಿರಲಿಲ್ಲ. ಬಿಡಿ ಸೈನೈಡ್ ಗಾಳಿ ಬಿಸಿಲಿಗೆ ಬೇಗ ಕಳೆಯುತ್ತದೆ, ಕಬ್ಬಿಣಕ್ಕೆ ಅಂಟಿದ್ದು ವರ್ಷಗಟ್ಟಲೆ ಉಳಿದು ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಹೊರಗೆ ಬಿಡುವ ನೀರಿನಲ್ಲಿ ಸೈನೈಡ್ ಲೀಟರಿಗೆ 0.2 ಮಿಲಿಗ್ರಾಂ, ಕುಡಿಯುವ ನೀರಿನಲ್ಲಿ 0.05 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ನಮ್ಮ ದೇಶದಲ್ಲಿದೆ. ಸಂಖ್ಯೆಯಿಲ್ಲದ ವರದಿಯನ್ನು ಆ ಮಿತಿಯ ಪಕ್ಕದಲ್ಲಿ ಇಟ್ಟು ನೋಡುವುದು ಹೇಗೆ? ಪ್ರತಿ ಪರೀಕ್ಷೆಯ ಅಂಕಿಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ನಗರಸಭೆಯ ಫಲಕಕ್ಕೆ ಅಂಟಿಸಲು ಆದೇಶಿಸಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದದ್ದನ್ನು ಈ ಜಿಲ್ಲೆ ಮರೆತಿಲ್ಲ. ಆಮೇಲೆ ನ್ಯಾಯಾಲಯದಲ್ಲಿ ನಡೆದ ಮಾತು ನೀರು ಹರಿಸುವ ಮೊದಲೇ ಊರಿನಲ್ಲಿ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಓಝೋನ್ ಯಂತ್ರ, ಅತಿನೇರಳೆ ದೀಪ ಎರಡಕ್ಕೂ ವಿದ್ಯುತ್ ಬಹಳ ಬೇಕು, ಖರ್ಚು ಹೆಚ್ಚು ಎನ್ನುತ್ತಾರೆ. ನಿಜ. ಆದರೆ 1902ರಲ್ಲಿ ಶಿವನಸಮುದ್ರದಿಂದ ಬೆಟ್ಟ ಬಯಲು ದಾಟಿಸಿ ಈ ಗಣಿಗೆ ತಂತಿ ಎಳೆದರು, ಚಿನ್ನ ಬೇಕಿತ್ತು ಎಂಬ ಒಂದೇ ಕಾರಣಕ್ಕೆ. ನೀರಿಗಾಗಿಯೂ ಅಷ್ಟು ಮನಸ್ಸು ಮಾಡಲಿ ಎಂದು ಕೇಳುವುದು ಅತಿಯಾಸೆಯಲ್ಲ. ಕೆಲಸ ಮುಗಿಸಿ ಕಂಪನಿ ಹೊರಟ ಮೇಲೂ ಘಟಕ ನಡೆಯುವಷ್ಟು ಹಣವನ್ನು ಮೊದಲೇ ಠೇವಣಿ ಇಡಿಸಿಕೊಳ್ಳಿ. 2001ರಲ್ಲಿ ಬಾಗಿಲು ಹಾಕಿದ ಮೇಲೆ ದಿಬ್ಬಗಳು ಯಾರ ಹೊಣೆಯೂ ಅಲ್ಲವೆಂಬಂತೆ ಉಳಿದದ್ದನ್ನು ಕಂಡವರು ನಾವು.

ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಒಮ್ಮೆ ತಾವೇ ಬನ್ನಿ. ದಿಬ್ಬದ ಮೈಮೇಲೆ ಕೊರಕಲು ಬಿದ್ದು, ಬೂದಿ ಕಲಸಿದಂಥ ನೀರು ಚರಂಡಿಗೆ ಇಳಿಯುವುದು ಕಾಣುತ್ತದೆ. ಒಣಗಿದ ಕಡೆ ಉಪ್ಪಿನಂತೆ ಬಿಳಿ ಹೆಪ್ಪು ಕಟ್ಟಿರುತ್ತದೆ. ನಾನು ಎರಡು ಬೀಕರು, ಅನ್ನಭೇದಿ, ಪೆರಾಕ್ಸೈಡ್, ನಮ್ಮ ಬೀದಿಯ ಬೋರ್‌ವೆಲ್ ನೀರು ತೆಗೆದುಕೊಂಡು ಅಲ್ಲಿಗೆ ಬರುತ್ತೇನೆ. ಹತ್ತು ನಿಮಿಷ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ರಾಬರ್ಟ್‌ಸನ್‌ಪೇಟೆ, ಕೆಜಿಎಫ್