ವಾಪಸ್ ಟಿಕೆಟ್ ಎಲ್ಲಿ ಮಾರಾಯ?

ಪ್ರೀತಿಯ ಕ್ಯಾಪ್ಟನ್,

ನಿನ್ನ ಚಿತ್ರಕತೆ ಓದಿ ಮುಗಿಸಿದೆ. ಉತ್ತರವನ್ನು ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಇಟಲಿಯ ದ್ವೀಪ, ಬೇಸಿಗೆ ರಜೆ, ಪ್ರೇಮ, ನಗು ಅಂತ ಕತೆ ಹೊಸೆಯುವ ಆಸೆ ನಿನಗೊಬ್ಬನಿಗೇ ಇರುವುದಲ್ಲವಲ್ಲ.

ಹುಡುಗ ಹುಡುಗಿ ಚೆನ್ನಾಗಿದ್ದಾರೆ, ಮಾತು ಚುರುಕಾಗಿದೆ, ಇಸ್ಕಿಯಾ ದ್ವೀಪವೂ ಸರಿಯಾದ ಆಯ್ಕೆ. ಕೊರತೆ ಒಂದೇ. ಅವರಿಬ್ಬರೂ ಊರಿಗೆ ಯಾವತ್ತು ವಾಪಸ್ ಹೋಗಬೇಕು ಅನ್ನುವುದು ಎಲ್ಲೂ ಬರುವುದಿಲ್ಲ. ಈ ಬಗೆಯ ಸಿನಿಮಾ ನಡೆಯುವುದೇ ಆ ತಾರೀಖಿನ ಮೇಲೆ; ಸಮುದ್ರ, ಬಿಸಿಲು, ನಿಂಬೆ ತೋಟ ಎಲ್ಲ ಆಮೇಲೆ. ಇಂಥ ದಿನ, ಇಷ್ಟು ಗಂಟೆಗೆ ಹಡಗು ಬಿಡುತ್ತದೆ ಅಂತ ನೋಡುವವನಿಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಬೇಕು. ಇಲ್ಲದಿದ್ದರೆ ಇಬ್ಬರ ಜಗಳಕ್ಕೆ ಬೆಲೆಯೇ ಬರುವುದಿಲ್ಲ. ನಾಳೆ ಸರಿಹೋಗುತ್ತಾರೆ ಬಿಡು ಅಂತ ನೋಡುವವನು ಮೊಬೈಲ್ ಕೈಗೆತ್ತಿಕೊಳ್ಳುತ್ತಾನೆ. ನಿನ್ನ ಎರಡನೇ ಭಾಗ ಜೋಲು ಬಿದ್ದಿರುವುದು ಇದರಿಂದಲೇ.

ಹಡಗಿನಿಂದಲೇ ಶುರು ಮಾಡೋಣ. ನೇಪಲ್ಸ್‌ನಿಂದ ಇಸ್ಕಿಯಾಕ್ಕೆ ಕಾರು ಲಾರಿ ತುಂಬಿಕೊಂಡು ಹೋಗುವ ದೊಡ್ಡ ಫೆರ್ರಿ ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ನೀರಿನಿಂದ ಮೇಲೆದ್ದು ಓಡುವ ಹೈಡ್ರೋಫಾಯಿಲ್, ಅಲ್ಲಿನವರು ಆಲಿಸ್ಕಾಫೋ ಅನ್ನುತ್ತಾರೆ, ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ನೀನು ಇಬ್ಬರನ್ನೂ ಆಲಿಸ್ಕಾಫೋಗೆ ಹತ್ತಿಸಿ ಗಾಳಿಗೆ ಕೂದಲು ಹಾರಿಸಿದ್ದೀಯ. ಅದರಲ್ಲಿ ಪ್ರಯಾಣಿಕರು ಮುಚ್ಚಿದ ಕ್ಯಾಬಿನ್ನಿನೊಳಗೆ ಸೀಟಿನಲ್ಲಿ ಕೂತಿರಬೇಕು, ಕೂದಲು ಹಾರುವುದಿಲ್ಲ. ಫೆರ್ರಿಗೆ ಹತ್ತಿಸು. ತೆರೆದ ಡೆಕ್ ಇದೆ, ಕಾಫಿ ಕೌಂಟರ್ ಇದೆ, ಸೀಟಿಗಾಗಿ ಜಗಳವಾಡಿ ಆಮೇಲೆ ಅದೇ ಸೀಟನ್ನು ಹಂಚಿಕೊಳ್ಳಲು ಒಂದೂವರೆ ಗಂಟೆ ಧಾರಾಳ. ಗಾಳಿ ಜೋರಾದರೆ ಮೊದಲು ರದ್ದಾಗುವುದು ಆಲಿಸ್ಕಾಫೋ. ದೊಡ್ಡ ಫೆರ್ರಿ ಇನ್ನೂ ಸ್ವಲ್ಪ ಹೊತ್ತು ಓಡಾಡುತ್ತದೆ. ಕೊನೆಯ ದೃಶ್ಯಕ್ಕೆ ಇದನ್ನು ಬಳಸಿಕೊ. ಹುಡುಗಿಯ ಆಲಿಸ್ಕಾಫೋ ರದ್ದಾಗಲಿ, ಫೆರ್ರಿಗೆ ಕಾಯಬೇಕಾಗಲಿ. ಹುಡುಗನಿಗೆ ಬೇಕಾದ ಆ ಸ್ವಲ್ಪ ಹೊತ್ತು ಹವಾಮಾನದಿಂದಲೇ ಸಿಗುತ್ತದೆ, ಕಾಕತಾಳೀಯದ ಮೊರೆ ಹೋಗಬೇಕಿಲ್ಲ.

ಬಂದರನ್ನಂತೂ ದಯವಿಟ್ಟು ಸರಿಯಾಗಿ ತೋರಿಸು. ಅದು ಹಳೇ ಜ್ವಾಲಾಮುಖಿಯ ಬಾಯಿಯಲ್ಲಿದ್ದ ಕೆರೆ. 1854ರಲ್ಲಿ ನೇಪಲ್ಸ್‌ನ ದೊರೆ ಎರಡನೇ ಫೆರ್ಡಿನಾಂಡ್ ನಡುವಿನ ನೆಲ ಕಡಿಸಿ ಅದನ್ನು ಸಮುದ್ರಕ್ಕೆ ಸೇರಿಸಿದ. ಹಾಗಾಗಿ ಬಂದರು ದುಂಡಗಿದೆ, ಬಾಯಿ ಕಿರಿದು. ಹಡಗು ಒಳಗೆ ಬಂದು ಮೈ ತಿರುಗಿಸಿ ಹಿಂಭಾಗವನ್ನು ದಕ್ಕೆಗೆ ಕೊಡಬೇಕು. ಹಡಗು ತಿರುಗುವಾಗ ಡೆಕ್ಕಿನಲ್ಲಿ ನಿಂತವಳ ಕಣ್ಣೆದುರು ಇಡೀ ಊರು ನಿಧಾನಕ್ಕೆ ಸುತ್ತು ಬರುತ್ತದೆ. ಹೊರಡುವಾಗಲೂ ಆ ಕಿರಿದಾದ ಬಾಯಿ ದಾಟುವವರೆಗೆ ಹಡಗು ನೆಲಕ್ಕೆ ಹತ್ತಿರವೇ ಇರುತ್ತದೆ. ಕೂಗಿದರೆ ಕೇಳಿಸುವ ದೂರ. ಇಷ್ಟು ಅನುಕೂಲವಾದ ಜಾಗದಲ್ಲಿ ನೀನು ವಿದಾಯವನ್ನು ವಾಟ್ಸಾಪಿನಲ್ಲಿ ಮುಗಿಸಿದ್ದೀಯಲ್ಲೋ!

ಬಂದರಿನಿಂದ ಹೋಟೆಲಿಗೆ ಟ್ಯಾಕ್ಸಿ ಬೇಡ. ಇಸ್ಕಿಯಾದಲ್ಲಿ ಮೂರು ಚಕ್ರದ ಆಪೆ ಟ್ಯಾಕ್ಸಿಗಳಿವೆ. ನಮ್ಮ ಸಂತೆಗಳಿಗೆ ತರಕಾರಿ ಹೊರುವ ಅದೇ ಪಿಯಾಜಿಯೊ ಕಂಪನಿಯ ಆಪೆ, 1948ರಲ್ಲಿ ಅಲ್ಲಿ ಶುರುವಾದದ್ದು. ಇಬ್ಬರೂ ಅದರಲ್ಲಿ ಸೂಟ್‌ಕೇಸಿನ ಸಮೇತ ಒತ್ತಿಕೊಂಡು ಕೂರಲಿ.

ಇನ್ನು ಕೋಣೆಯ ಗೊಂದಲ. ಈ ಬಗೆಯ ಕತೆಗಳ ಹಳೆಯ ಕೀಲಿಕೈ ಇದು. 1962ರ 'ದಿಚೊತ್ತೆನ್ನಿ ಅಲ್ ಸೋಲೆ' ಇಸ್ಕಿಯಾದಲ್ಲೇ ನಡೆಯುವ ಸಿನಿಮಾ. ಕಮಿಲ್ಲೊ ಮಾಸ್ತ್ರೊಚಿಂಕ್ವೆ ನಿರ್ದೇಶನ, ಇನ್ನೂ ಹದಿಹರೆಯದಲ್ಲಿದ್ದ ಕ್ಯಾಥರೀನ್ ಸ್ಪಾಕ್ ನಾಯಕಿ, ಸಂಗೀತ ಎನ್ನಿಯೊ ಮೊರಿಕೋನೆಯದು. ಕೌಬಾಯ್ ಚಿತ್ರಗಳ ಆ ಸಿಳ್ಳೆ ಜಗತ್ತಿಗೆ ಕೇಳಿಸುವುದಕ್ಕೆ ಎರಡು ವರ್ಷ ಮೊದಲು ಆತ ಇಲ್ಲಿ ಹುಡುಗರನ್ನು ಟ್ವಿಸ್ಟ್ ಕುಣಿಸುತ್ತಿದ್ದ. ಹುಡುಗ ನಿಕೋಲ, ಹುಡುಗಿ ನಿಕೋಲ್, ಇಬ್ಬರ ಮನೆತನದ ಹೆಸರೂ ಒಂದೇ. ಹೋಟೆಲಿನಲ್ಲಿ ಎಡವಟ್ಟಾಗಲು ಅಷ್ಟು ಸಾಕು. ಇದನ್ನು ನಂಬುವಂತೆ ಮಾಡುವುದು ಅಲ್ಲಿನ ಪದ್ಧತಿ. ಇಟಲಿಯಲ್ಲಿ ಹೋಟೆಲಿನವರು ಬಂದವರ ಗುರುತಿನ ಚೀಟಿ ನೋಡಿ ಹೆಸರುಗಳನ್ನು ಪೊಲೀಸರಿಗೆ ತಿಳಿಸಲೇಬೇಕು ಅಂತ ಕಾನೂನಿದೆ. ಅಂದರೆ ರಿಸೆಪ್ಷನ್ನಿನವನ ಕೈಗೆ ಪ್ರತಿಯೊಬ್ಬರ ಹೆಸರೂ ಬಂದೇ ಬರುತ್ತದೆ, ತಪ್ಪು ಅಲ್ಲೇ ಹುಟ್ಟುತ್ತದೆ. ನಿನ್ನ ಕತೆಯಲ್ಲಿ ಆ್ಯಪ್ ಕೈಕೊಟ್ಟಿತು ಅಂದಿದ್ದೀಯ. ಆ್ಯಪ್ ಜೊತೆ ಯಾರೂ ನಗೆ ಬರುವಂತೆ ಜಗಳವಾಡಲಾರರು. ಕನ್ನಡಕ ಮೂಗಿನ ತುದಿಗಿಳಿಸಿ ಎರಡು ಪಾಸ್‌ಪೋರ್ಟ್ ಮುಂದಿಟ್ಟುಕೊಂಡ ಮನುಷ್ಯ ಬೇಕು.

ಊಟ ಹಾಫ್ ಬೋರ್ಡ್ ಲೆಕ್ಕದಲ್ಲಿರಲಿ, ಅಂದರೆ ಕೋಣೆ, ಬೆಳಗಿನ ತಿಂಡಿ, ರಾತ್ರಿಯೂಟ ಸೇರಿದ್ದು. ರಾತ್ರಿಯೂಟಕ್ಕೆ ಗೊತ್ತಾದ ಸಮಯ, ದಿನವೂ ಅದೇ ಮೇಜು. ಎಷ್ಟೇ ಮುನಿಸಿದ್ದರೂ ಎದುರು ಬದುರಾಗದೆ ವಿಧಿಯಿಲ್ಲ. ಕಡಲ ತೀರದಲ್ಲೂ ಇದೇ ಲೆಕ್ಕ: ದುಡ್ಡು ಕೊಟ್ಟು ಕೂರುವ ತೀರದಲ್ಲಿ ಕೊಡೆಗಳು ಸಾಲು ಸಾಲಾಗಿರುತ್ತವೆ, ಸಾಮಾನ್ಯವಾಗಿ ಒಂದು ಕೊಡೆಗೆ ಎರಡು ಒರಗು ಮಂಚ. ನೀರಿಗೆ ಹತ್ತಿರದ ಮೊದಲ ಸಾಲಿಗೆ ಹೆಚ್ಚು ದರ. ಯಾರ ಹತ್ತಿರ ಎಷ್ಟಿದೆ ಅನ್ನುವುದನ್ನು ಒಂದೂ ಮಾತಿಲ್ಲದೆ ಆ ಸಾಲುಗಳೇ ತೋರಿಸುತ್ತವೆ. ನಿನ್ನ ಬಡ ಹುಡುಗನನ್ನು ಮೊದಲ ಸಾಲಿನಲ್ಲಿ ಮಲಗಿಸಿದ್ದೀಯ, ಹಿಂದಕ್ಕೆ ಕಳಿಸು.

ಪಟಾಕಿಯ ರಾತ್ರಿಯನ್ನು ಆಗಸ್ಟ್ 15ರ ಫೆರ್ರಗೋಸ್ತೊಗೆ ಇಟ್ಟಿದ್ದೀಯ. ತಪ್ಪಲ್ಲ, ಇಡೀ ಇಟಲಿ ಅಂಗಡಿ ಮುಚ್ಚಿ ಸಮುದ್ರಕ್ಕೆ ಇಳಿಯುವ ದಿನ. ಆದರೆ ಇಸ್ಕಿಯಾದ್ದೇ ಆದ ರಾತ್ರಿ ಜುಲೈ 26ರ ಸಂತ ಅನ್ನಾ ಹಬ್ಬ. ಅಲಂಕರಿಸಿದ ದೋಣಿಗಳ ಮೆರವಣಿಗೆ ಇರುತ್ತದೆ, ಕೊನೆಗೆ ಅರಗೊನೀಸ್ ಕೋಟೆಗೆ ಬೆಂಕಿ ಬಿದ್ದಂತೆ ಕೆಂಪು ಬೆಳಕು, ಹೊಗೆ, ಬಾಣಬಿರುಸು. ಮುತ್ತು ಕೊಡುವ ದೃಶ್ಯ ಅಲ್ಲಿಡು.

ರಾತ್ರಿ ಈಜಿನ ದೃಶ್ಯಕ್ಕೆ ಹಳೆಯ ಉಪಾಯವೇ ಒಳ್ಳೆಯದು. ಕತ್ತಲ ಸಮುದ್ರ ಎಷ್ಟು ಬೆಳಕು ಸುರಿದರೂ ನುಂಗಿಬಿಡುತ್ತದೆ. ಹಗಲಲ್ಲೇ ಚಿತ್ರಿಸು. ಎಕ್ಸ್‌ಪೋಷರ್ ಒಂದೂವರೆಯಿಂದ ಎರಡು ಸ್ಟಾಪ್ ಇಳಿಸು (ಒಂದು ಸ್ಟಾಪ್ ಇಳಿಸಿದರೆ ಕ್ಯಾಮೆರಾಕ್ಕೆ ಸಿಗುವ ಬೆಳಕು ಅರ್ಧವಾಗುತ್ತದೆ), ಬಣ್ಣ ನೀಲಿಗೆ ವಾಲಿಸು, ಸೂರ್ಯ ನಟರ ಬೆನ್ನ ಹಿಂದಿರಲಿ, ಅವನೇ ಚಂದ್ರನಾಗುತ್ತಾನೆ. ಆಕಾಶ ಚೌಕಟ್ಟಿನೊಳಗೆ ಬಂದರೆ ಗುಟ್ಟು ರಟ್ಟು. ಬಿಳಿ ಅಂಗಿ, ಸುಣ್ಣದ ಗೋಡೆಯೂ ಹಾಗೇ. ಶಬ್ದದ ಬಗ್ಗೆಯೂ ಎಚ್ಚರ. ಆ ಕಾಲದ ಇಟಲಿಯವರು ಮಾತನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು, ಅಲೆಯ ಸದ್ದು ಅವರಿಗೆ ತೊಂದರೆ ಕೊಡಲಿಲ್ಲ. ನೀನು ಅಲ್ಲೇ ಧ್ವನಿ ಹಿಡಿಯುವುದಾದರೆ ಒಂದೊಂದು ಟೇಕಿಗೂ ಅಲೆಯ ಸದ್ದು ಬೇರೆಯಾಗಿ, ಕತ್ತರಿಸಿ ಜೋಡಿಸಿದಾಗ ಎಗರುತ್ತದೆ. ನಟರು ಹೋದ ಮೇಲೆ ಬರೀ ಸಮುದ್ರವನ್ನೇ ಕೆಲವು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಂಡು ಅದನ್ನು ಎಲ್ಲದರ ಕೆಳಗೆ ಹಾಸು.

ಮತ್ತೆ ತಾರೀಖಿನ ಮಾತಿಗೆ ಬರುತ್ತೇನೆ. ರಜೆ ಮುಗಿದ ಮೇಲೆ ಆ ಪ್ರೇಮ ಏನಾಗುತ್ತದೆ ಅಂತ ಕೇಳುವ ಧೈರ್ಯ ಈ ಸಿನಿಮಾಗಳಿಗೆ ಕಡಿಮೆ. ಇಟಲಿಯ ನಿರ್ದೇಶಕಿ ಲೀನಾ ವರ್ಟ್‌ಮುಲ್ಲರ್ 1974ರ 'ಸ್ವೆಪ್ಟ್ ಅವೇ' ಸಿನಿಮಾದಲ್ಲಿ ಕೇಳಿದರು. ನಿರ್ಜನ ದ್ವೀಪದಲ್ಲಿ ಶ್ರೀಮಂತೆಗೂ ಹಡಗಿನ ಆಳಿಗೂ ಹತ್ತಿದ ಪ್ರೇಮ ಊರಿನ ನೆಲ ಮುಟ್ಟಿದ ಮೇಲೆ ನಿಲ್ಲಲಿಲ್ಲ. ಅಲ್ಲಿನವನೇ ಆದ ನಿರ್ದೇಶಕ ಪಾವ್ಲೊ ವಿರ್ಜೀ ಇನ್ನೊಂದು ಬಗೆಯಲ್ಲಿ ಕೇಳಿದ. 1996ರ 'ಫೆರಿಯೆ ದಗೋಸ್ತೊ'ದಲ್ಲಿ ವೆಂತೊತೇನೆ ಎಂಬ ಪುಟ್ಟ ದ್ವೀಪ, ಅಕ್ಕಪಕ್ಕದ ಮನೆಗಳಲ್ಲಿ ರಜೆ ಕಳೆಯುವ ಎರಡು ಬಳಗ, ರಾಜಕೀಯದಲ್ಲಿ ಎಣ್ಣೆ ಸೀಗೇಕಾಯಿ. 2024ರಲ್ಲಿ ಅದೇ ಜನರನ್ನು ಅದೇ ದ್ವೀಪಕ್ಕೆ ಮತ್ತೆ ಕರೆತಂದ. 28 ವರ್ಷ. ಸಿಲ್ವಿಯೊ ಒರ್ಲಾಂಡೊನ ಪಾತ್ರಕ್ಕೆ ವಯಸ್ಸಾಗಿದೆ, ಆರೋಗ್ಯ ಹೋಗಿದೆ. ಎದುರು ಬಳಗದ ಯಜಮಾನನಾಗಿ ಅಬ್ಬರಿಸಿದ್ದ ಎನ್ನಿಯೊ ಫಾಂತಸ್ತಿಕೀನಿ 2018ರಲ್ಲೇ ತೀರಿಕೊಂಡಿದ್ದ, ಮೊದಲ ಸಿನಿಮಾದ ಇನ್ನೊಬ್ಬ ನಟ ಪಿಯೆರೊ ನಾತೊಲಿ ಅವನಿಗಿಂತ ಮುಂಚೆ.

ಅದನ್ನು ನೋಡಿದಾಗಿನಿಂದ ಒಂದು ಕಸಿವಿಸಿ ಹತ್ತಿಕೊಂಡಿದೆ, ಕ್ಯಾಪ್ಟನ್. ನಿನ್ನ ಕತೆಗೆ ತಾರೀಖಿಲ್ಲ ಅಂತ ಇಷ್ಟು ಹೊತ್ತು ಹೇಳಿದೆ, ನಮ್ಮ ಸ್ನೇಹಕ್ಕೂ ಇಲ್ಲ. ಇಬ್ಬರೂ ಒಂದೇ ಊರಿನಲ್ಲಿದ್ದೇವೆ, ಯಾವಾಗ ಬೇಕಾದರೂ ಸಿಗಬಹುದು ಅನ್ನುವ ಧೈರ್ಯದಲ್ಲಿ ಮಳೆ ನಿಲ್ಲಲಿ, ಹಬ್ಬ ಮುಗಿಯಲಿ, ಪರೀಕ್ಷೆ ಕಳೆಯಲಿ ಅಂತ ಮುಂದೆ ತಳ್ಳುತ್ತಲೇ ಇದ್ದೇವೆ. ನಿನ್ನ ಆಸ್ಪತ್ರೆಯ ಸುದ್ದಿ ಬೇರೆಯವರ ಬಾಯಿಂದ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ ನೀನು ಮಾಮೂಲಿ ದನಿಯಲ್ಲಿ ಸಿನಿಮಾದ ಮಾತೆತ್ತಿದೆ, ನಾನೂ ಸಿನಿಮಾ ಮಾತೇ ಆಡಿದೆ. ನೀನಿಲ್ಲದಿದ್ದರೆ ನನಗೆ ಈ ಸಿನಿಮಾಗಳ ಬಗ್ಗೆ ಹೇಳಲು ಯಾರೂ ಇಲ್ಲ, ಇನ್ನುಳಿದ ವಿಷಯಗಳ ಬಗ್ಗೆಯೂ ಇಲ್ಲ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಇರಲಿ.

ಕೆಲಸದ ಮಾತಿಗೆ ಬಾ. ಅಡುಗೆಯವಳ ಪಾತ್ರಕ್ಕೆ ಇನ್ನೆರಡು ದೃಶ್ಯ ಕೊಡು, ನಿನ್ನ ಕತೆಯಲ್ಲಿ ಎಲ್ಲರಿಗಿಂತ ಜಾಣೆ ಅವಳೇ. ಜೆಲ್ಲಿಮೀನಿನ ದೃಶ್ಯ ತೆಗೆದುಹಾಕು. ನಾಯಿಯನ್ನು ಮಾತ್ರ ಮುಟ್ಟಬೇಡ, ಅದು ಫೆರ್ರಿಯಲ್ಲಿ ತಪ್ಪು ಕುಟುಂಬದ ಜೊತೆ ಇಳಿದುಹೋಗುವ ಜಾಗದಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕೆ. ಈ ಶನಿವಾರ ಸಂಜೆ ಆರಕ್ಕೆ ಮನೆಗೆ ಬಾ, ಕೊನೆಯ ದೃಶ್ಯ ಕೂತು ತಿದ್ದೋಣ. ಪ್ರಿಂಟ್ ತೆಗೆದುಕೊಂಡೇ ಬಾ, ನನ್ನ ಪ್ರಿಂಟರಿನಲ್ಲಿ ಇಂಕ್ ಇಲ್ಲ.

ನಿನ್ನ,
ಟಾರ್ಚ್