ಮುಗಿಲು ಹುಟ್ಟಿದ್ದು ಯಾವಾಗ?

ಸಂಪಾದಕರೇ,

ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಹಾಸಿಗೆ ಹಾಕಿದ್ದೆವು. ಮೊಮ್ಮಗಳು ಮಲಗಿದಲ್ಲೇ ಕೇಳಿದಳು: 'ಅಜ್ಜಾ, ಈ ಮುಗಿಲು ಯಾವಾಗ ಹುಟ್ಟೇತಿ?' ನಮ್ಮ ಗದಗಿನ ಕಡೆ ಮುಗಿಲು ಅಂದರೆ ಆಕಾಶ. ಬೆಂಗಳೂರಿನವರು ಮೋಡ ಅಂದುಕೊಂಡಾರು.

ಓದಿದ್ದನ್ನು ಹೇಳಿದೆ. ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಹಿಗ್ಗಲು ಶುರುವಾಯಿತು. ಮೊದಲ 3.8 ಲಕ್ಷ ವರ್ಷ ಎಲ್ಲವೂ ಕಾದ ಮಂಜಿನಂತೆ, ಬೆಳಕಿಗೂ ದಾರಿ ಇರಲಿಲ್ಲ. ಆಮೇಲೆ ತಿಳಿಯಾಯಿತು. ಹಗಲಿನ ನೀಲಿ ಬೇರೆ ಕಥೆ: ಗಾಳಿಯ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಗಾಳಿ ಇಲ್ಲದ ಚಂದ್ರನ ಮೇಲೆ ಹಗಲಲ್ಲೂ ಆಕಾಶ ಕಪ್ಪು.

'ಅದಕ್ಕೂ ಮೊದಲು?' ಅಂದಳು. ಅಲ್ಲಿಗೆ ನನ್ನ ಮಾಸ್ತರಿಕೆ ಮುಗಿಯಿತು.

ನಮ್ಮ ಹಿರಿಯರೂ ಒಂದೇ ಮಾತು ಆಡಿಲ್ಲ. ತೈತ್ತಿರೀಯ ಉಪನಿಷತ್ತು ಆತ್ಮದಿಂದ ಆಕಾಶ, ಆಕಾಶದಿಂದ ಗಾಳಿ ಹುಟ್ಟಿತು ಅನ್ನುತ್ತದೆ. ವೈಶೇಷಿಕರೆಂಬ ಹಳೆಯ ತತ್ತ್ವಜ್ಞಾನಿಗಳ ಪ್ರಕಾರ ಆಕಾಶ ನಿತ್ಯ, ಅದಕ್ಕೆ ಹುಟ್ಟೇ ಇಲ್ಲ. ಶರಣರು ಬಯಲು ಅಂದರು. ನನಗೆ ಆ ಪದವೇ ಹತ್ತಿರ. ಹಿತ್ತಲಲ್ಲಿ ಒಂದು ಹಳೆ ಗಡಿಗೆ ಇತ್ತು. ಹೋದ ವಾರ ಬೆಕ್ಕು ಕೆಡವಿ ಒಡೆಯಿತು. ಒಳಗಿದ್ದ ಬಯಲು ಎಲ್ಲಿಗೂ ಹೋಗಲಿಲ್ಲ. ಗಡಿಗೆ ಮಾಡುವಾಗ ಕುಂಬಾರ ಅದನ್ನು ತಂದು ತುಂಬಿರಲೂ ಇಲ್ಲ. ಹಾಗಿದ್ದ ಮೇಲೆ ಹುಟ್ಟಿದ್ದು ಗಡಿಗೆ ಮಾತ್ರ, ಅಲ್ವಾ?

ಮೊಮ್ಮಗಳು ಒಪ್ಪಿಲ್ಲ. 'ಸುಮ್ನೆ ಏನರ ಹೇಳಬ್ಯಾಡ' ಅಂದಳು. ಬಲ್ಲ ಓದುಗರು ಯಾರಾದರೂ ಬರೆದರೆ ಅವಳಿಗೆ ಓದಿ ಹೇಳುತ್ತೇನೆ.

– ನಿವೃತ್ತ ಶಿಕ್ಷಕ, ಗದಗ