ಚೆಕ್‌ಬುಕ್ ಊರಿಗೆ ಕೊಟ್ಟ ಮೇಲೆ

ನಿನ್ನೆ, ಊರಿನ ಕೆರೆಯ ಹೂಳೆತ್ತಿಸಿದ ನಮ್ಮ ಕೆರೆ ಸಂಘದ ಬ್ಯಾಂಕ್ ಖಾತೆಯಿಂದ ನನ್ನ ಸಹಿ ತೆಗೆಸಿದೆವು. ಇನ್ನು ಮೇಲೆ ಚೆಕ್ಕಿಗೆ ಊರಿನ ಇಬ್ಬರು ಹೆಂಗಸರದ್ದೇ ಸಹಿ. ಹೂಳು, ಕೆರೆಗೆ ನೀರು ತರುವ ರಾಜಕಾಲುವೆ, ಆ ಜಗಳ, ಈ ಅರ್ಜಿ, ಎಲ್ಲ ನಿಮಗೆ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ.

ದುಡ್ಡು ಕೊಟ್ಟವರು, ಟ್ರ್ಯಾಕ್ಟರ್ ಕಳಿಸಿದವರು, ಹೂಳನ್ನು ಹೊಲಕ್ಕೆ ಹೊಡೆಸಿಕೊಂಡವರು, ಗ್ರಾಮಸಭೆಯಲ್ಲಿ ನಮ್ಮ ಪರ ಕೈ ಎತ್ತಿದವರು, ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಜಾಸ್ತಿ ಹೇಳಬೇಕಿರುವುದು ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ತಾತನ ಬಗ್ಗೆ.

ಕೋಲಾರದ ಕಡೆ ಕೆರೆಗಳು ಸರಪಳಿಯ ಹಾಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಕೆರೆಯಿಂದ ನೀರು ಬಿಡುವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುತ್ತಿದ್ದವರು ನೀರುಗಂಟಿಗಳು. ಹೆಚ್ಚಿನವರು ದಲಿತ ಮನೆಗಳವರು. ಸುಗ್ಗಿಯಲ್ಲಿ ಅಚ್ಚುಕಟ್ಟಿನ ರೈತರು ಅವರಿಗೆ ಕಾಳು ಅಳೆದು ಕೊಡುತ್ತಿದ್ದರು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಬೋರ್‌ವೆಲ್ ಬಂದು ಕೆರೆ ಬತ್ತಿದ ಮೇಲೆ ಆ ಕೆಲಸವೂ ಹೋಯಿತು. ತಿಳಿವಳಿಕೆ ಮಾತ್ರ ತಾತನಲ್ಲಿ ಉಳಿದಿತ್ತು.

ನಮ್ಮ ಮೊದಲ ಸಭೆ ದೇವಸ್ಥಾನದ ಜಗಲಿಯಲ್ಲಿ ನಡೆಯಿತು. ತಾತ ದೂರದಲ್ಲಿ ಹುಣಸೆ ಮರದ ಕೆಳಗೆ ನಿಂತಿದ್ದರು. ನಾನು ಜಗಲಿ ಮೇಲೆ ಕೂತು "ಎಲ್ಲರೂ ಸೇರಿ ಮಾಡೋಣ" ಅಂದೆ. ಅವರನ್ನು ಕರೆಯಲಿಲ್ಲ. ಅದು ಈಗಲೂ ಚುಚ್ಚುತ್ತದೆ. ಆಮೇಲೆ ಸಭೆ ಶಾಲೆಗೆ ಬಂತು. ಹಟ ಹಿಡಿದು ಅದನ್ನು ಮಾಡಿಸಿದ್ದು ಸ್ತ್ರೀಶಕ್ತಿ ಗುಂಪಿನವರು, ನಾನಲ್ಲ.

2021ರ ನವೆಂಬರ್ ಮಳೆಯ ಆ ರಾತ್ರಿ ಕೆರೆ ಏರಿಯ ಹಿಂದೆ ನೀರು ಜಿನುಗತೊಡಗಿತು. ನಾನು ಸುಮ್ನೆ ಫೋನ್ ಹಚ್ಚುತ್ತಲೇ ಇದ್ದೆ. ತಾತ ಟಾರ್ಚ್ ಹಿಡಿದು ಏರಿಯ ಬುಡದಲ್ಲಿ ಕೂತರು. "ತಿಳಿ ನೀರು ಬರ್ತಾ ಇರೋವರೆಗೂ ಭಯ ಇಲ್ಲಮ್ಮ. ಕೆಂಪಗಾದ್ರೆ ಮಣ್ಣು ಕೊಚ್ಚಿ ಬರ್ತಾ ಐತೆ ಅಂತ."

ಎರಡು ಗಂಟೆ ಹೊತ್ತಿಗೆ ಕೆಂಪಗಾಯಿತು. ಹುಡುಗರು ಆ ತೂತು ಮುಚ್ಚಲು ಓಡಿದರು. ತಾತ ತಡೆದರು. ಅಲ್ಲಿ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಸುತ್ತ ಮರಳು ಮೂಟೆ ಕಟ್ಟಿ, ಒಳಗೆ ನೀರು ನಿಲ್ಲಲಿ, ತೂಬು ಎತ್ತಿ ಅಂದರು. ಜಗಲಿ ಮೇಲೆ ಕೂರುತ್ತಿದ್ದವರೂ ಅವರು ತೋರಿಸಿದ ಕಡೆಯೇ ಮೂಟೆ ಇಟ್ಟರು. ಬೆಳಕು ಹರಿಯುವಾಗ ನೀರು ಮತ್ತೆ ತಿಳಿಯಾಯಿತು.

ನಾನು ಏರಿ ಮೇಲೆ ಕೂತು ಅತ್ತುಬಿಟ್ಟೆ. ಏರಿ ಉಳಿದದ್ದಕ್ಕಲ್ಲ. ಇಷ್ಟೆಲ್ಲ ಗೊತ್ತಿದ್ದ ಮನುಷ್ಯನನ್ನು ಅಷ್ಟು ದಿನ ಮರದ ಕೆಳಗೆ ನಿಲ್ಲಿಸಿದ್ದೆವಲ್ಲ, ಅದಕ್ಕೆ. ತಾತ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದರು.

ಈಗ ಅವರನ್ನು ಕೇಳದೆ ತೂಬು ಎತ್ತುವ ಹಾಗಿಲ್ಲ ಅಂತ ಸಂಘದ ಪುಸ್ತಕದಲ್ಲಿ ಬರೆದಿದೆ. ತಿಂಗಳ ಸಂಬಳವೂ ನಿಗದಿಯಾಗಿದೆ.

ತಾತ, ಮೊದಲ ದಿನವೇ ನಿಮ್ಮನ್ನು ಕೇಳಬೇಕಿತ್ತು. ತಪ್ಪಾಯಿತು. ಭಾನುವಾರ ನಿಮ್ಮ ಮನೆಗೆ ಊಟಕ್ಕೆ ಬರುತ್ತೇನೆ. ಮುದ್ದೆ, ಕೆರೆ ಮೀನಿನ ಸಾರು ಅಂದಿದ್ದೀರಿ, ನೆನಪಿದೆ ಅಲ್ವಾ?